ಆ ಬಾಗಿಲು ನೀವೇ ತೆಗೆಯಬೇಕು

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಹಾರರ್ ವಿಡಿಯೊ ಗೇಮ್ ಬಗ್ಗೆ ಬಂದ ಬರಹ ಓದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆ ಅರ್ಧ ಪುಟ ಕೊಟ್ಟಿತಲ್ಲ, ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಅದರಲ್ಲಿ ಒಂದು ಮಾತಿತ್ತು. ಗ್ರಾಫಿಕ್ಸ್ ಚೆನ್ನಾದಷ್ಟೂ ಭಯ ಜಾಸ್ತಿಯಂತೆ, ರಕ್ತ, ಹೆಣ ಎಲ್ಲಾ ನಿಜದ ಹಾಗೇ ಕಾಣುವುದರಿಂದ ಮಕ್ಕಳು ರಾತ್ರಿ ಹೆದರಿ ಎದ್ದು ಕೂರುತ್ತಾರಂತೆ. ಬರೆದವರು ಒಂದು ಗೇಮನ್ನಾದರೂ ತಾವೇ ಕೂತು ಆಡಿದ್ದಾರಾ ಅಂತ ಅನುಮಾನ ಬಂತು. ಆಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ನಾನು ತಿಪಟೂರು ಕಡೆಯವನು. ಮೈಕ್ ಸೆಟ್ ಬಾಡಿಗೆಗೆ ಕೊಡುತ್ತೇನೆ. ಮದುವೆ, ಜಾತ್ರೆ, ಸಭೆ, ಊರಿನವರೇ ಬಣ್ಣ ಹಚ್ಚಿಕೊಂಡು ಬೆಳಗಿನ ತನಕ ಆಡುವ ಪೌರಾಣಿಕ ನಾಟಕ, ಎಲ್ಲದಕ್ಕೂ ಹೋಗುತ್ತೇನೆ. ರಾತ್ರಿ ಎದ್ದಿದ್ದು ಎದ್ದಿದ್ದು ಅಭ್ಯಾಸವಾಗಿ, ಕೆಲಸ ಇಲ್ಲದ ದಿನವೂ ಎರಡು ಗಂಟೆಗೆ ಮುಂಚೆ ನಿದ್ದೆ ಬರುವುದಿಲ್ಲ. ಆಗ ಗೇಮ್ ಆಡುತ್ತೇನೆ. ನಲವತ್ತು ದಾಟಿದ ಮೇಲೂ ಇದೇನು ಹುಡುಗಾಟ ಅಂತ ಮನೆಯಲ್ಲಿ ಬೈಸಿಕೊಂಡಿದ್ದೂ ಆಗಿದೆ.

ಮೊದಲು ಗ್ರಾಫಿಕ್ಸ್ ವಿಷಯಕ್ಕೇ ಬರುತ್ತೇನೆ. 1999ರಲ್ಲಿ ಕೊನಾಮಿ ಕಂಪನಿ ಪ್ಲೇಸ್ಟೇಷನ್ ಅನ್ನುವ ಗೇಮ್ ಯಂತ್ರಕ್ಕೆ ತಂದ ಸೈಲೆಂಟ್ ಹಿಲ್ ಅನ್ನುವ ಗೇಮ್ ಇದೆ. ಮಗಳನ್ನು ಹುಡುಕಿಕೊಂಡು ಒಬ್ಬ ಅಪ್ಪ ಒಂದು ಖಾಲಿ ಊರಿನಲ್ಲಿ ಓಡಾಡುತ್ತಾನೆ. ಊರ ತುಂಬ ಮಂಜು. ಹತ್ತು ಹೆಜ್ಜೆ ಆಚೆ ಏನಿದೆ ಅಂತ ಗೊತ್ತಾಗಲ್ಲ. ಆ ಮಂಜು ಯಾಕೆ ಬಂತು ಗೊತ್ತಾ? ಆಗಿನ ಪ್ಲೇಸ್ಟೇಷನ್‌ಗೆ ದೂರದ ಬೀದಿ, ಮನೆಗಳನ್ನೆಲ್ಲ ಒಟ್ಟಿಗೆ ಬಿಡಿಸುವ ಶಕ್ತಿ ಇರಲಿಲ್ಲ. ಆ ಕೊರತೆ ಮುಚ್ಚಲು ಮಂಜು ಹಾಕಿದರು, ರಾತ್ರಿಯ ಭಾಗಕ್ಕೆ ಕತ್ತಲೆ ತುಂಬಿದರು. ಬಡ ಗ್ರಾಫಿಕ್ಸೇ ಭಯಕ್ಕೆ ದಾರಿ ಮಾಡಿಕೊಟ್ಟಿತು. ಇವತ್ತಿಗೂ ಜನ ನೆನಪಿಟ್ಟುಕೊಂಡಿರುವುದು ಆ ಮಂಜನ್ನೇ. ಅದರ ಪಾತ್ರಗಳ ಮುಖ ನೋಡಿದರೆ ಈಗ ನಗು ಬರುತ್ತದೆ, ಮರದಲ್ಲಿ ಕೆತ್ತಿದ ಹಾಗಿದೆ.

ನನಗೆ ಇದು ಬೇಗ ಅರ್ಥವಾಗಲು ಕಾರಣ ಇದೆ. ನಾಟಕ ಮುಗಿಸಿ ಬೆಳಗಿನ ಜಾವ ಲಗೇಜ್ ಆಟೊದಲ್ಲಿ ತೋಟದ ದಾರಿಯಲ್ಲಿ ವಾಪಸ್ ಬರುವಾಗ ಹೆಡ್‌ಲೈಟ್ ಎಷ್ಟು ದೂರ ಬೀಳುತ್ತದೋ ಅಷ್ಟೇ ಪ್ರಪಂಚ. ಅದರಾಚೆ ಇರುವುದು ತೆಂಗಿನ ಮರಗಳೇ, ಹಗಲು ದಿನಾ ನೋಡುವ ಮರಗಳೇ. ಆದರೂ ಕಣ್ಣು ಆ ಬೆಳಕಿನ ಅಂಚನ್ನು ಬಿಟ್ಟು ಕದಲುವುದಿಲ್ಲ.

ಆ ಗೇಮಿನಲ್ಲಿ ಇನ್ನೊಂದು ಕರಾಮತ್ತಿದೆ, ಕಸುಬಿನ ಕಾರಣಕ್ಕೆ ನನಗೆ ಅದೇ ಹೆಚ್ಚು ಇಷ್ಟ. ಆ ಅಪ್ಪನ ಕೈಗೆ ಒಂದು ಪುಟ್ಟ ರೇಡಿಯೊ ಸಿಗುತ್ತದೆ. ಪ್ರಾಣಿಯೋ ಪಿಶಾಚಿಯೋ ಹತ್ತಿರ ಬಂದರೆ ಅದು ಗರಗರ ಅನ್ನುತ್ತದೆ. ಎಷ್ಟು ಹತ್ತಿರ, ಯಾವ ದಿಕ್ಕು ಅಂತ ಸರಿಯಾಗಿ ಹೇಳುವುದಿಲ್ಲ, ಬರುತ್ತಿದೆ ಅಂತ ಮಾತ್ರ. ನಿಮಗೆ ಸಹಾಯ ಮಾಡಲೆಂದು ಕೊಟ್ಟ ಸಾಮಾನೇ ನಿಮ್ಮ ಜೀವ ತೆಗೆಯುತ್ತದೆ. ಅರ್ಧ ಗಂಟೆ ಆಡಿದ ಮೇಲೆ ಸದ್ದು ಬಂದರೂ ಭಯ, ಸದ್ದು ನಿಂತರೂ ಭಯ.

ನಮ್ಮ ಕಡೆ ಒಬ್ಬರು ನಾಟಕದ ಮೇಷ್ಟ್ರಿದ್ದರು, ಹಾರ್ಮೋನಿಯಂ ಅವರದೇ. ದುಶ್ಶಾಸನನ ವಧೆಯ ದೃಶ್ಯಕ್ಕೆ ನಾನು ಎಕೋ ಗಿಕೋ ಎಲ್ಲಾ ಏರಿಸಿ ರೆಡಿ ಇಟ್ಟುಕೊಂಡಿದ್ದೆ. ಮೇಷ್ಟ್ರು ಬಂದು, "ಭೀಮ ಬರೋಕ್ ಮುಂಚೆ ಏನೂ ಕೇಳಿಸ್ಬಾರ್ದು ಕಣಪ್ಪ. ಜನ ತಾವೇ ಏನೋ ಕೇಳಿಸ್ಕೊಳ್ಳಲಿ" ಅಂದರು. ಹಾಗೇ ಮಾಡಿದೆವು. ಮುಂದೆ ಚಾಪೆ ಹಾಸಿಕೊಂಡು ಕೂತಿದ್ದ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಹತ್ತಿರ ಕೂರಿಸಿಕೊಂಡದ್ದು ಭೀಮ ಕೂಗಿದಾಗ ಅಲ್ಲ, ಅದಕ್ಕೂ ಮುಂಚೆ. ಮೇಷ್ಟ್ರಿಗೆ ಕಂಪ್ಯೂಟರ್ ಆನ್ ಮಾಡಲು ಬರುತ್ತಿರಲಿಲ್ಲ, ಆದರೆ ಹಾರರ್ ಗೇಮ್ ಮಾಡುವವರು ಅವರ ಹತ್ತಿರ ಕಲಿಯಬಹುದಿತ್ತು.

ದಿಢೀರ್ ಅಂತ ಮುಖ ತೋರಿಸಿ ಕಿರುಚುವುದಕ್ಕೆ ಜಂಪ್ ಸ್ಕೇರ್ ಅನ್ನುತ್ತಾರೆ. ನಿಮ್ಮ ಬರಹದಲ್ಲಿ ಅದನ್ನೇ ದೊಡ್ಡದು ಮಾಡಿದ್ದಾರೆ. ಅದು ಭಯ ಅಲ್ಲ ಸಾರ್, ಬೆಚ್ಚುವುದು. ಊಟದ ಹೊತ್ತಿಗೆ ಮೈಕ್ ಕುಯ್ಯ್ ಅಂದರೆ ಇನ್ನೂರು ಜನ ಒಟ್ಟಿಗೆ ಬೆಚ್ಚುತ್ತಾರೆ, ಆಮೇಲೆ ನನ್ನನ್ನು ಬೈದುಕೊಂಡು ಪಾಯಸಕ್ಕೆ ಕೈ ಹಾಕುತ್ತಾರೆ. ಅದೇ ಸದ್ದು ನಾಲ್ಕು ಸಲ ಬಂದರೆ ಐದನೇ ಸಲ ತಿರುಗಿ ನೋಡುವವರಿಲ್ಲ.

ಇಷ್ಟು ಹೇಳಿದ ಮೇಲೂ ಮುಖ್ಯವಾದ ಮಾತು ಬಾಕಿ ಇದೆ. ಕತ್ತಲೆ, ಸದ್ದು, ಸದ್ದಿಲ್ಲದಿರುವುದು ಇವೆಲ್ಲ ಸಿನಿಮಾದಲ್ಲೂ ಇವೆ. ಸಿನಿಮಾದಲ್ಲಿ ಕೆಲಸದ ಹುಡುಗಿ ಲ್ಯಾಂಪ್ ಹಿಡಿದು ಮಾಳಿಗೆ ಹತ್ತುವಾಗ "ಹೋಗಬೇಡವೇ" ಅಂತ ನಾವು ಕೂಗುತ್ತೇವೆ, ಅವಳು ಹೋಗುತ್ತಾಳೆ, ತಪ್ಪು ಅವಳದು. ಗೇಮಿನಲ್ಲಿ ಮಾಳಿಗೆ ಹತ್ತುವವರು ನೀವು. ಹೆಬ್ಬೆರಳು ಒತ್ತದಿದ್ದರೆ ಏನೂ ನಡೆಯುವುದಿಲ್ಲ. ನಿಂತಲ್ಲೇ ನಿಂತರೆ ಬೆಳಗಾದರೂ ನಿಂತೇ ಇರಬಹುದು, ಎಷ್ಟೋ ಸಲ. ಮುಂದೆ ಏನೋ ಇದೆ ಅಂತ ಗೊತ್ತಿದ್ದೂ ಅಲ್ಲಿಗೆ ನಮ್ಮನ್ನು ನಾವೇ ನಡೆಸಿಕೊಂಡು ಹೋಗಬೇಕು. ನನ್ನ ಅಕ್ಕನ ಮಗ ಯೂಟ್ಯೂಬ್‌ನಲ್ಲಿ ಬೇರೆಯವರು ಆಡುವುದನ್ನು ನೋಡಿಕೊಂಡು ಬಿದ್ದು ಬಿದ್ದು ನಗುತ್ತಾನೆ. ಅದೇ ಗೇಮ್ ಅವನ ಕೈಗೆ ಕೊಟ್ಟರೆ, "ಮಾಮ, ಇದೊಂದು ಬಾಗಿಲು ನೀನೇ ತೆಗೆದುಕೊಡು" ಅಂತಾನೆ. ಚಿತ್ರ ಅದೇ, ಸದ್ದು ಅದೇ, ದೆವ್ವವೂ ಅದೇ.

ಬಾಗಿಲು ಅಂದೆನಲ್ಲ. ಸ್ವೀಡನ್‌ನ ಫ್ರಿಕ್ಷನಲ್ ಗೇಮ್ಸ್ ಅನ್ನುವ ಸಣ್ಣ ಕಂಪನಿ 2010ರಲ್ಲಿ ಅಮ್ನೀಸಿಯಾ: ದಿ ಡಾರ್ಕ್ ಡಿಸೆಂಟ್ ಮಾಡಿತು. 1839ನೇ ಇಸವಿ, ಆಗಿನ ಯುರೋಪಿನ ಪ್ರಷ್ಯಾ ರಾಜ್ಯದ ಕಾಡಿನ ಒಂದು ಕೋಟೆ, ಹಿಂದಿನದೆಲ್ಲ ಮರೆತು ಎದ್ದ ಒಬ್ಬ ಮನುಷ್ಯ. ಕೈಯಲ್ಲಿ ಕತ್ತಿ, ಬಂದೂಕು ಏನೂ ಇಲ್ಲ. ಕೊನೆಯವರೆಗೂ ಇಲ್ಲ! ಓಡಬೇಕು, ಇಲ್ಲ ಅಡಗಬೇಕು. ಇದರಲ್ಲಿ ಬಾಗಿಲು ಒಂದು ಗುಂಡಿ ಒತ್ತಿದರೆ ತೆರೆಯುವುದಿಲ್ಲ. ಮೌಸ್ ಒತ್ತಿ ಹಿಡಿದು ಕೈಯನ್ನು ನಿಜವಾಗಿ ಎಳೆಯಬೇಕು, ಅಥವಾ ನೂಕಬೇಕು. ಒಂದು ಬೆರಳಿನಷ್ಟು ಸರಿಸಿ ಸಂದಿಯಲ್ಲಿ ಇಣುಕಬಹುದು. ಹಿಂದಿನಿಂದ ಏನೋ ಅಟ್ಟಿಸಿಕೊಂಡು ಬರುವಾಗ ಗಾಬರಿಯಲ್ಲಿ ನೂಕಬೇಕಾದ ಬಾಗಿಲನ್ನು ಎಳೆಯುತ್ತಾ ನಿಂತಿರುತ್ತೀರಿ, ಮನೆಯಲ್ಲಿ ಕರೆಂಟ್ ಹೋದಾಗ ಗೊತ್ತಿರುವ ಚಿಲಕವೇ ಕೈಗೆ ಸಿಗುವುದಿಲ್ಲವಲ್ಲ, ಹಾಗೆ. ಇದನ್ನು ಯೋಚಿಸಿದ ಮನುಷ್ಯನಿಗೆ ಕೈ ಮುಗಿಯಬೇಕು.

ಕತ್ತಲಲ್ಲಿ ಜಾಸ್ತಿ ಹೊತ್ತು ನಿಂತರೆ ಆಟದೊಳಗಿನ ಆ ಮನುಷ್ಯನ ಬುದ್ಧಿ ಕೆಡುತ್ತಾ ಹೋಗುತ್ತದೆ, ಪರದೆ ತೂಗುತ್ತದೆ, ಹಲ್ಲು ಕಡಿಯುವ ಸದ್ದು ಕೇಳುತ್ತದೆ. ಬೆಳಕಿಗೆ ಬಂದರೆ ಅಟ್ಟಿಸಿಕೊಂಡು ಬರುವ ಭೂತಕ್ಕೆ ನೀವು ಕಾಣುತ್ತೀರಿ. ಸರಿ, ಆ ಭೂತವನ್ನಾದರೂ ನೋಡಿಕೊಂಡು ತಪ್ಪಿಸಿಕೊಳ್ಳೋಣ ಅಂದರೆ, ಅದನ್ನು ನೋಡಿದರೂ ಬುದ್ಧಿ ಕೆಡುತ್ತದೆ. ಹಾಗಾಗಿ ಅದು ಹೇಗಿದೆ ಅಂತ ಸರಿಯಾಗಿ ನೋಡದೆಯೇ ಜನ ಗಂಟೆಗಟ್ಟಲೆ ಆಡುತ್ತಾರೆ. ಲಕ್ಷಗಟ್ಟಲೆ ಖರ್ಚು ಮಾಡಿ ಒಂದು ರಾಕ್ಷಸನನ್ನು ಬಿಡಿಸಿ, ಆಮೇಲೆ ಅವನನ್ನು ನೋಡಬೇಡಿ ಅನ್ನುವುದು ಸುಮ್ನೆ ಮಾತಲ್ಲ.

ಅದರಲ್ಲೊಂದು ನೀರು ತುಂಬಿದ ನೆಲಮಾಳಿಗೆ ಬರುತ್ತದೆ. ಮೊಣಕಾಲು ಮಟ್ಟ ನೀರು. ಅಲ್ಲಿರುವುದು ಕಣ್ಣಿಗೇ ಕಾಣದ ಪ್ರಾಣಿ. ನೀರು ಚಿಮ್ಮುವುದು, ಚಳಕ್ ಚಳಕ್ ಅಂತ ಹೆಜ್ಜೆ ನಿಮ್ಮ ಕಡೆಗೇ ಬರುವುದು, ಅಷ್ಟೇ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರಬೇಕು. ಅಲ್ಲಿ ಬಿದ್ದಿರುವ ಮಾಂಸದ ತುಂಡು ದೂರ ಎಸೆದು, ಅದು ಅತ್ತ ತಿನ್ನುತ್ತಿರುವಾಗ ಇತ್ತ ನೀರಿಗಿಳಿದು ಓಡಬೇಕು. ಗ್ರಾಫಿಕ್ಸ್ ಬಗ್ಗೆ ಬರೆದವರು ದಯವಿಟ್ಟು ಈ ಕೋಣೆಗೆ ಒಂದು ಸಲ ಹೋಗಿ ಬರಲಿ. ಅಲ್ಲಿ ಭೂತಕ್ಕೆ ಗ್ರಾಫಿಕ್ಸೇ ಇಲ್ಲ.

ನಿಮ್ಮ ಓದುಗರಲ್ಲಿ ದೊಡ್ಡವರಿಗೆ ನೆನಪಿರುತ್ತದೆ, 1990ರ ದಶಕದಲ್ಲಿ ಬೆಂಗಳೂರಿನಿಂದ ಹಿಡಿದು ನಮ್ಮಂಥ ಊರುಗಳವರೆಗೂ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು. ರಾತ್ರಿ ಒಬ್ಬಳು ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತಾಳೆ, ಬಾಗಿಲು ತೆಗೆದರೆ ಕತೆ ಮುಗಿಯಿತು, ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತಾಳೆ, ಮಾರನೇ ದಿನ ಮತ್ತೆ ಬಂದು ಮತ್ತೆ ಓದುತ್ತಾಳೆ. ನಮ್ಮ ಮನೆಯಲ್ಲಿ ಅಜ್ಜಿ ಸೀಮೆಸುಣ್ಣದಲ್ಲಿ ಬರೆಸುತ್ತಿತ್ತು, ಮಳೆಗೆ ಅಳಿಸಿಹೋದರೆ ತಿರುಗಿ ಬರೆಯುವ ಡ್ಯೂಟಿ ನನ್ನದು. ಆ ಹೆಂಗಸನ್ನು ಯಾರೂ ನೋಡಿದವರಿಲ್ಲ. ಆದರೆ ಬರೆಯಲು ಮರೆತು ಮಲಗಿದ ರಾತ್ರಿ ಇದೆಯಲ್ಲ, ಅಪ್ಪ ಕೆಮ್ಮಿದರೂ ಅದು ಅಪ್ಪನೇನಾ ಅನಿಸುತ್ತಿತ್ತು. ಕತೆ ಕೇಳಿದ್ದಕ್ಕಿಂತ ಆ ಕೆಲಸ ನನಗೆ ಕೊಟ್ಟಿದ್ದೇ ಭಯ ಹುಟ್ಟಿಸಿತು ಅಂತ ಈಗ ಅನಿಸುತ್ತದೆ. ನಾನು ಮರೆತರೆ ಮನೆಯವರೆಲ್ಲ ಹೋದರು.

2014ರಲ್ಲಿ ಬಂದ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್ ಹೆಚ್ಚು ಕಡಿಮೆ ಇದೇ. ಸ್ಕಾಟ್ ಕಾಥನ್ ಅನ್ನುವ ಒಬ್ಬರೇ ಕೂತು ಮಾಡಿದ ಗೇಮ್. ನೀವು ರಾತ್ರಿ ಕಾವಲುಗಾರ, ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ರಾತ್ರಿ 12ರಿಂದ ಬೆಳಿಗ್ಗೆ 6ರ ತನಕ ನಡೆದಾಡುವ ಯಂತ್ರದ ಬೊಂಬೆಗಳು ಒಳಗೆ ಬರದ ಹಾಗೆ ಎರಡು ಬಾಗಿಲು ಕಾಯಬೇಕು. ಬಾಗಿಲು ಮುಚ್ಚಿದರೆ ಕರೆಂಟ್ ಖರ್ಚು, ಕ್ಯಾಮೆರಾ ನೋಡಿದರೆ ಖರ್ಚು, ಲೈಟ್ ಹಾಕಿದರೆ ಖರ್ಚು. ಯುಪಿಎಸ್ ಎಷ್ಟು ಹೊತ್ತು ಎಳೆಯುತ್ತದೆ ಅಂತ ಲೆಕ್ಕ ಹಾಕಿಕೊಂಡು ಫ್ಯಾನ್ ಆರಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ!

ಏಲಿಯನ್: ಐಸೊಲೇಷನ್ ಕೂಡ 2014ರದ್ದೇ. ಇದರ ಬಗ್ಗೆ ಎರಡು ಮಾತು ಹೇಳಲೇಬೇಕು. ಬಾಹ್ಯಾಕಾಶ ನಿಲ್ದಾಣವೊಂದರಲ್ಲಿ ಆಟದ ಹೆಚ್ಚಿನ ಹೊತ್ತು ಒಂದೇ ಒಂದು ಪ್ರಾಣಿ ನಿಮ್ಮನ್ನು ಹುಡುಕುತ್ತದೆ. ಅದನ್ನು ನಡೆಸುವ ಪ್ರೋಗ್ರಾಮಿಗೆ ಎರಡು ತಲೆ ಇಟ್ಟಿದ್ದಾರೆ. ಮೇಲಿನದಕ್ಕೆ ನೀವೆಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು, ಆದರೆ ಅದು ಪ್ರಾಣಿಗೆ ಪೂರ್ತಿ ಹೇಳುವುದಿಲ್ಲ, "ಆ ಕಡೆ ನೋಡು" ಅಂತ ಸುಳಿವು ಮಾತ್ರ ಕೊಡುತ್ತದೆ. ಉಳಿದಿದ್ದನ್ನು ಪ್ರಾಣಿ ತನ್ನ ಕಣ್ಣು ಕಿವಿಯಿಂದಲೇ ಹುಡುಕಬೇಕು. ಹಾಗಾಗಿ ಅದು ಮೋಸ ಮಾಡುತ್ತಿದೆ ಅಂತಲೂ ಅನಿಸುವುದಿಲ್ಲ, ನಿಮ್ಮನ್ನು ನೆಮ್ಮದಿಯಾಗಿ ಇರಲೂ ಬಿಡುವುದಿಲ್ಲ. ಅದನ್ನು ಪತ್ತೆ ಹಚ್ಚಲು ಕೊಟ್ಟಿರುವ ಯಂತ್ರದ ಬೀಪ್ ಸದ್ದು ಹತ್ತಿರ ಇದ್ದರೆ ಅದಕ್ಕೂ ಕೇಳುತ್ತದೆ. ಸಾಲದು ಅಂತ, ಗೇಮ್ ಯಂತ್ರಕ್ಕೆ ಮೈಕ್ ಸೇರಿಸಿಕೊಂಡರೆ ನೀವು ಕೂತಿರುವ ಕೋಣೆಯ ಸದ್ದೂ ಕೇಳುತ್ತದೆ. ಕೆಮ್ಮಿದಿರೋ ಮುಗೀತು. ಇಷ್ಟು ವರ್ಷ ಮೈಕ್ ಜೊತೆ ಬದುಕಿದ್ದೇನೆ, ಮೈಕಿಗೆ ಹೆದರಿ ಉಸಿರು ಹಿಡಿಯಬೇಕಾಗಬಹುದು ಅಂತ ಮಾತ್ರ ಅಂದುಕೊಂಡಿರಲಿಲ್ಲ.

ಆದರೆ ಅದರಲ್ಲೊಂದು ತಪ್ಪೂ ಇದೆ, ಎಲ್ಲ ಹಾರರ್ ಗೇಮಿನ ತಪ್ಪೂ ಅದೇ. ಸಿಕ್ಕಿಬಿದ್ದರೆ ಸಾಯುತ್ತೀರಿ, ಸತ್ತರೆ ಹಿಂದೆ ಉಳಿಸಿದ ಜಾಗದಿಂದ ಮತ್ತೆ ಶುರು. ಮೊದಲ ಸಲ ಎದೆ ಬಾಯಿಗೆ ಬರುತ್ತದೆ. ಆರನೇ ಸಲಕ್ಕೆ ಆ ಪ್ರಾಣಿ ಬಾಕಿ ವಸೂಲಿಗೆ ಬಂದವನ ಹಾಗೆ ಕಾಣುತ್ತದೆ, ಭಯ ಹೋಗಿ ಕಿರಿಕಿರಿ ಉಳಿಯುತ್ತದೆ. ಸಾಯುವ ತನಕ ಮಾತ್ರ ಸಾವಿನ ಭಯ. ಇದಕ್ಕೆ 1996ರ ರೆಸಿಡೆಂಟ್ ಈವಿಲ್ ಮಾಡಿದ ಉಪಾಯ ನನಗೆ ಇವತ್ತಿಗೂ ಹಿಡಿಸುತ್ತದೆ. ಆಟ ಉಳಿಸಬೇಕಾದರೆ ಟೈಪ್‌ರೈಟರ್ ಬೇಕು, ಟೈಪ್‌ರೈಟರಿಗೆ ಶಾಯಿ ರಿಬ್ಬನ್ ಬೇಕು, ಅದು ಸಿಗುವುದೇ ಕೆಲವು. ಹಾಗಾಗಿ ಸತ್ತರೆ ಹೋಗುವುದು ಎರಡು ನಿಮಿಷ ಅಲ್ಲ, ಇಡೀ ಸಂಜೆ. ಭೂತ ಬಿಟ್ಟು ಹೋದರೂ ಜಿಪುಣತನ ಕಾಡುತ್ತದೆ. ಬಾಡಿಗೆಗೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ತುಮಕೂರಿನ ಅಂಗಡಿಯಲ್ಲಿ ಆಡುತ್ತಿದ್ದ ನಮಗಂತೂ ಎರಡು ಪಟ್ಟು.

ಇನ್ನು ಮಕ್ಕಳ ವಿಷಯ. ವಯಸ್ಸಿಗೆ ತಕ್ಕ ಗೇಮ್ ನೋಡಿ ಕೊಡಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಡಬ್ಬಿಯ ಮೇಲಿನ ರಕ್ತ ನೋಡಿ ಅಳೆಯಬೇಡಿ. ರಕ್ತವೇ ಇಲ್ಲದ ಗೇಮ್ ಹತ್ತು ಪಟ್ಟು ಕಾಡಬಹುದು. ಪಕ್ಕದಲ್ಲಿ ಕೂತು ಹತ್ತು ನಿಮಿಷ ಕಂಟ್ರೋಲರ್ ನೀವೇ ಹಿಡಿದರೆ ಗೊತ್ತಾಗುತ್ತದೆ.

ಕೊನೆಗೆ ಒಂದು ಕೋರಿಕೆ. ಸಿನಿಮಾಗೆ ವಿಮರ್ಶೆ ಬರೆಸುವ ಹಾಗೆ ಗೇಮ್‌ಗೂ ಆಡಿದವರ ಹತ್ತಿರ ಬರೆಸಿ. ಇಂಡೊನೇಷ್ಯಾದವರು 2014ರಲ್ಲಿ ಡ್ರೆಡ್‌ಔಟ್ ಅಂತ ತಮ್ಮೂರಿನ ದೆವ್ವಗಳನ್ನೇ ಇಟ್ಟು ಗೇಮ್ ಮಾಡಿದರು, ಥಾಯ್ಲೆಂಡ್‌ನವರು 2017ರಲ್ಲಿ ಹೋಮ್ ಸ್ವೀಟ್ ಹೋಮ್ ಮಾಡಿದರು. ನಮ್ಮ ಹುಡುಗರು ಬೆಂಗಳೂರಲ್ಲಿ ಕೂತು ಬೇರೆಯವರ ಗೇಮಿಗೆ ಮರ, ಮನೆ, ಬಾಗಿಲು ಬಿಡಿಸಿಕೊಡುತ್ತಾರೆ. ಅವರಲ್ಲಿ ಯಾರಾದರೂ ಒಂದು ಹಟ್ಟಿ ಮನೆ ಮಾಡಲಿ, ಹೊರಗೆ ಮಳೆ ಬರಲಿ, ಕೈಗೆ ಒಂದು ತುಂಡು ಸೀಮೆಸುಣ್ಣ ಕೊಡಲಿ. ಸದ್ದು ಬೇಕಾದರೆ ನಾನು ಮಾಡಿಕೊಡುತ್ತೇನೆ, ಬಾಡಿಗೆ ಬೇಡ.

ಅಂದ ಹಾಗೆ ಅಮ್ನೀಸಿಯಾ ನಾನಿನ್ನೂ ಮುಗಿಸಿಲ್ಲ. ಆ ನೀರಿನ ಮಾಳಿಗೆ ದಾಟಿ ಸ್ವಲ್ಪ ಮುಂದೆ ಒಂದು ಬಾಗಿಲ ಹತ್ತಿರ ನಿಂತಿದ್ದೇನೆ. ಎರಡು ವರ್ಷ ಆಯಿತು.

ಇಂತಿ,
ಒಬ್ಬ ಓದುಗ, ತಿಪಟೂರು