ರಾಜೀನಾಮೆ ಬರೆಯುವ ಮುಂಚೆ ಒಂದು ವಾರ ಬಾ

ಪ್ರೀತಿಯ ಮಲ್ಲು,

‘ನೀ ಗೆದ್ದಿ ಬಿಡಲೇ, ನಾನೂ ರಾಜೀನಾಮೆ ಕೊಟ್ಟು ಧಾರವಾಡಕ್ಕ ಬರ್ತೇನಿ’ ಅಂತ ರಾತ್ರಿ ಒಂದು ಗಂಟೆಗೆ ಮೆಸೇಜ್ ಹಾಕಿದ್ದೀಯ. ಫೋನಿನಲ್ಲಿ ಹೇಳಿದರೆ ನಗುತ್ತಲೇ ತೇಲಿಸಿಬಿಡುತ್ತೀಯ, ಅದಕ್ಕೇ ಈ ಪತ್ರ. ನಾನು ಏನು ಗೆದ್ದಿದ್ದೇನೆ ಅಂತ ಕೇಳು.

ನೌಕರಿ ಬಿಟ್ಟು ಧಾರವಾಡದ ಸಪ್ತಾಪುರದಲ್ಲಿ ಕಾಫಿ ಅಂಗಡಿ ತೆರೆದ ದಿನ ಮೊದಲ ಗಿರಾಕಿಯೊಬ್ಬರು ಬಂದರು. ಬೋರ್ಡನ್ನು ಮೇಲಿಂದ ಕೆಳಗೆ ಓದಿದರು. ‘ಎಲ್ಲಾ ಚಲೋ ಐತ್ರಿ, ಚಾ ಎಲ್ಲೈತಿ?’ ಅಂದರು. ಚಿಕ್ಕಮಗಳೂರಿನ ಬೀಜ, ನೂರಕ್ಕೆ ಇಪ್ಪತ್ತು ಪಾಲು ಚಿಕೋರಿ, ಹಿತ್ತಾಳೆ ಫಿಲ್ಟರ್, ಎಲ್ಲವನ್ನೂ ಯೋಚಿಸಿದ್ದೆ. ಇದು ಚಹಾದ ಊರು ಅನ್ನುವುದನ್ನೇ ಮರೆತಿದ್ದೆ. ನಮ್ಮ ಮನೆಯಲ್ಲೇ ಕಾಫಿ ಅಂದರೆ ಬೆಂಗಳೂರಿನ ಬೀಗರು ಬಂದಾಗ ಮಾಡುವಂಥದ್ದು! ಮೂರು ವಾರ ಹಠ ಹಿಡಿದೆ. ನಾಲ್ಕನೇ ವಾರ ಚಹಾದ ಪಾತ್ರೆ ಒಲೆ ಏರಿತು. ಈಗ ಹತ್ತು ಗ್ಲಾಸು ಹೋದರೆ ಆರು ಚಹಾ. ಬೋರ್ಡಿನಲ್ಲಿ ಮಾತ್ರ ಇನ್ನೂ ಕಾಫಿ ಅಂತಲೇ ಇದೆ.

ಬೆಳಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಹಾಲು ಇಳಿಸಿಕೊಂಡು ಡಿಕಾಕ್ಷನ್‌ಗೆ ಇಡಬೇಕು. ಪುಡಿಯನ್ನು ಜಾಸ್ತಿ ಒತ್ತಿದರೆ ನೀರು ಇಳಿಯುವುದಿಲ್ಲ, ಸಡಿಲ ಬಿಟ್ಟರೆ ಬರೀ ಬಣ್ಣದ ನೀರು. ಹೋದ ಜುಲೈನಲ್ಲಿ, ನಮ್ಮ ಜಿಟಿಜಿಟಿ ಮಳೆ ಹಿಡಿದಿದ್ದಾಗ, ಪುಡಿ ತೇವವಾಗಿ ಫಿಲ್ಟರ್ ಕಟ್ಟಿಕೊಂಡಿತು. ಕರ್ನಾಟಕ ಕಾಲೇಜಿನ (ಕೆಸಿಡಿ) ಮೈದಾನದಲ್ಲಿ ವಾಕಿಂಗ್ ಮುಗಿಸಿ ಬಂದ ಹಿರಿಯರು ಕಾಯುತ್ತಾ ನಿಂತಿದ್ದರು. ಸುಮ್ನೆ ಒಳಗೆ ಹೋಗಿ ಇನ್‌ಸ್ಟಂಟ್ ಪುಡಿ ಕಲಸಿ ಕೊಟ್ಟೆ. ನಿವೃತ್ತ ಮಾಸ್ತರರೊಬ್ಬರು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು. ‘ಇವತ್ತ ಮೈಯಾಗ ಆರಾಮಿಲ್ಲೇನಪಾ?’ ಅಂದರು. ದುಡ್ಡು ಪೂರಾ ಕೊಟ್ಟೇ ಹೋದರು. ಹದಿಮೂರು ವರ್ಷದ ನೌಕರಿಯಲ್ಲಿ ಎಷ್ಟೋ ಬೈಸಿಕೊಂಡಿದ್ದೇನೆ, ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಇನ್ನು ದುಡ್ಡಿನ ಮಾತು. ನನ್ನ ಅಳತೆಯಲ್ಲಿ ಒಂದು ಲೀಟರ್ ಹಾಲಿಗೆ ಸುಮಾರು ಹತ್ತು ಗ್ಲಾಸು. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿದಾಗ, ಗ್ಲಾಸಿಗೆ 40 ಪೈಸೆ ತಾನೇ ಅಂದುಕೊಂಡೆ. ದಿನಕ್ಕೆ 25 ಲೀಟರ್ ಖರ್ಚು. ತಿಂಗಳಿಗೆ 3,000 ರೂಪಾಯಿ, ಅಂಗಡಿಯ ಕರೆಂಟ್ ಬಿಲ್ಲಿನಷ್ಟು. ಅಷ್ಟರಲ್ಲಿ ಪುಡಿಯೂ ಏರಿ ಕೂತಿತ್ತು. ಕಾಫಿ ಬೆಳೆಯುವ ಬ್ರೆಜಿಲ್, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ಸಪ್ತಾಪುರದಲ್ಲಿ ನನ್ನ ಗಲ್ಲಾ ಹಗುರಾಗುತ್ತದೆ ಅಂತ ಯಾವ ಮೀಟಿಂಗಿನಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ ನೋಡು. ಆದರೂ ಒಂದು ರೂಪಾಯಿ ಏರಿಸಲು ಎರಡು ತಿಂಗಳು ಹಿಂದೆಮುಂದೆ ನೋಡಿದೆ. ಕುಡಿಯುವವರಲ್ಲಿ ಅರ್ಧ ಜನ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗರು. ಹಾವೇರಿ, ಗದಗ, ಕೊಪ್ಪಳದ ಹಳ್ಳಿಗಳಿಂದ ಬಂದವರು. ಬೈಟು ಹೇಳಿ ಎರಡು ತಾಸು ಪ್ರಚಲಿತ ಘಟನೆ ಚರ್ಚೆ ಮಾಡುತ್ತಾರೆ. ಉದ್ರಿ ಪುಸ್ತಕ ಬೇರೆ ಇದೆ. 340 ರೂಪಾಯಿ ಬಾಕಿ ಇಟ್ಟು ರೂಮು ಖಾಲಿ ಮಾಡಿದ ಹುಡುಗನೊಬ್ಬ ಈಗಲೂ ಅಂಗಡಿಯ ಫೋಟೋಗಳಿಗೆ ತಪ್ಪದೇ ಲೈಕ್ ಒತ್ತುತ್ತಾನೆ. ಆಫೀಸಿನಲ್ಲಿ ಬಾಕಿ ವಸೂಲಿಗೆ ದಿನಕ್ಕೆ ಮೂರು ಮೇಲ್ ಹಾಕುತ್ತಿದ್ದವನು ನಾನು. ಇವನಿಗೆ ಕೇಳಲು ಬಾಯಿ ಬರುತ್ತಿಲ್ಲ.

ಎಲ್ಲ ಕಳೆದು ಕೈಗೆ ಬರುವುದು ಹಳೇ ಸಂಬಳದ ಕಾಲು ಭಾಗ. ರಜೆಯಲ್ಲಿ ಹುಡುಗರು ಊರಿಗೆ ಹೋದರೆ ಅದೂ ಇಲ್ಲ.

ಹಾಗಂತ ಅಳುತ್ತಿಲ್ಲ. ಭಾನುವಾರ ಸಂಜೆ ಹೊಟ್ಟೆಯಲ್ಲಿ ಆಗುತ್ತಿದ್ದ ಆ ಸಂಕಟ ನಿಂತಿದೆ. ಭಾನುವಾರವೇ ಇಲ್ಲವಾಗಿದೆ ಅನ್ನು, ಅದು ಬೇರೆ ಮಾತು. ಆದರೆ ನಾನು ಹಾಕುವ ಫೋಟೋಗಳಲ್ಲಿ ಕಾಣದ ಒಂದು ಸಂಗತಿ ಇದೆ. ಮನೆ ನಡೆಯುತ್ತಿರುವುದು ನನ್ನ ಹೆಂಡತಿಯ ಸಂಬಳದಲ್ಲಿ. ಆಸ್ಪತ್ರೆ ವಿಮೆಯೂ ಅವಳ ಆಫೀಸಿನದೇ. ಜನ ನನ್ನ ಧೈರ್ಯ ಹೊಗಳಿದಾಗ ಅವಳು ಮುಖ ಆ ಕಡೆ ತಿರುಗಿಸಿ ನಗುತ್ತಾಳೆ. ನಿನಗೆ ಮನೆ ಸಾಲ ಇನ್ನೂ ಹನ್ನೊಂದು ವರ್ಷ ಇದೆ, ಒಂದೇ ಸಂಬಳ. ವೈನಿಯನ್ನು ಕೇಳಿದ್ದೀಯಾ? ಕೇಳಿರುವುದಿಲ್ಲ, ನನಗೆ ಗೊತ್ತು.

ಒಂದು ಕೆಲಸ ಮಾಡು. ರಾಜೀನಾಮೆ ಬೇಡ, ಒಂದು ವಾರ ರಜೆ ಹಾಕು. ನಮ್ಮ ಮನೆಯಲ್ಲೇ ಇರು, ಗಲ್ಲಾ ನೋಡಿಕೋ, ಗ್ಲಾಸು ತೊಳಿ. ವಂದೇ ಭಾರತ್‌ಗೆ ಮಾತ್ರ ಬರಬೇಡ. ಮಧ್ಯಾಹ್ನ ಬಂದು ಇಳಿಯುತ್ತೀಯ, ಅಷ್ಟೊತ್ತಿಗೆ ಕಷ್ಟದ ಕೆಲಸ ಮುಗಿದಿರುತ್ತದೆ. ರಾತ್ರಿ ರೈಲಿಗೆ ಬಾ. ಸ್ಟೇಷನ್ನಿಗೆ ನಾನು ಬರಲ್ಲ, ಹಾಲು ಇಳಿಸೋ ಹೊತ್ತದು. ಸೀದಾ ಅಂಗಡಿಗೇ ಬಂದುಬಿಡು.

ನಿನ್ನ
ಗುರು