ದರದ ಜೊತೆ ದಿನಾಂಕವನ್ನೂ ಹೇಳಿ

ಮಾನ್ಯ ಸಂಪಾದಕರೇ, ನಮಸ್ಕಾರ.

ನಾನು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು. ಕೃಷ್ಣಾ ಹೊಳೆ ದಂಡೆಯ ಊರು, ಎತ್ತ ನೋಡಿದರೂ ಕಬ್ಬು. ನನ್ನ ಅಂಗಡಿಯ ಗೋಡೆ ಮೇಲೆ ‘ಇಂದು ನಗದು, ನಾಳೆ ಉದ್ರಿ’ ಅಂತ ಒಂದು ಬೋರ್ಡು ಇದೆ. ಅಪ್ಪ ಬರೆಸಿದ್ದು. ಆ ಬೋರ್ಡಿನ ಕೆಳಗೇ ನಿಂತು ಜನ ಉದ್ರಿ ಬರೆಸುತ್ತಾರೆ, ನಾನೂ ಬರೆಯುತ್ತೇನೆ. ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದಿದೆ.

ಸಾಲದ ಬಗ್ಗೆ ಪತ್ರಿಕೆಗಳಲ್ಲಿ ಬರುವುದನ್ನು ಓದುತ್ತಿರುತ್ತೇನೆ. ಜನ ದುಂದು ಮಾಡುತ್ತಾರೆ, ಮದುವೆಗೆ ಸುರಿಯುತ್ತಾರೆ, ಮೊಬೈಲಿಗೆ ಸಾಲ ಮಾಡುತ್ತಾರೆ, ಇತ್ಯಾದಿ. ಅಂಥವರು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ನನ್ನ ಉದ್ರಿ ವಹಿ ಬೇರೆ ಕಥೆ ಹೇಳುತ್ತದೆ. ಅದರಲ್ಲಿರುವುದು ಸಕ್ಕರೆ, ಚಹಾಪುಡಿ, ತೊಗರಿಬೇಳೆ, ಸಾಬೂನು. ಜನವರಿಯಿಂದ ಏಪ್ರಿಲ್‌ವರೆಗೆ ಹಾಳೆಗಳು ಬೇಗ ಬೇಗ ತುಂಬುತ್ತವೆ. ಕಬ್ಬು ಕಡಿದು ಸಕ್ಕರೆ ಕಾರ್ಖಾನೆಗೆ ಹೋಗಿರುತ್ತದೆ, ಬಿಲ್ಲು, ಅಂದರೆ ಕಬ್ಬಿನ ದುಡ್ಡು, ಬಂದಿರುವುದಿಲ್ಲ. ‘ಬರಕೋರಿ ಕಾಕಾ, ಬಿಲ್ಲು ಬಂದ ಕೂಡಲೇ ಕೊಡತೀನಿ.’ ಈ ಮಾತು ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಸುಳ್ಳು ಹೇಳುತ್ತಿಲ್ಲ ಅವರು. ಬಿಲ್ಲು ಯಾವಾಗ ಬರುತ್ತದೆ ಅಂತ ಅವರಿಗೇ ಗೊತ್ತಿಲ್ಲ, ಅಷ್ಟೇ.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಕಬ್ಬಿನ ದರಕ್ಕಾಗಿ ಹಗಲು ರಾತ್ರಿ ಧರಣಿ ಕೂತರು. ಕೊನೆಗೆ ಟನ್ನಿಗೆ 3,300 ರೂಪಾಯಿ ಅಂತ ತೀರ್ಮಾನವಾಯಿತು. ಒಳ್ಳೆಯದೇ ಆಯಿತು. ನಮ್ಮೂರಿನಿಂದಲೂ ಎರಡು ಟ್ರ್ಯಾಕ್ಟರ್ ಜನ ಹೋಗಿದ್ದರು, ರೊಟ್ಟಿ ಬುತ್ತಿ ನನ್ನ ಅಂಗಡಿ ಮುಂದೆಯೇ ಗಂಟು ಕಟ್ಟಿದ್ದು. ಆದರೆ ದರದ ಬಗ್ಗೆ ಆಡಿದಷ್ಟು ಮಾತನ್ನು ದಿನಾಂಕದ ಬಗ್ಗೆ ಆಡಲಿಲ್ಲ ಅನ್ನುವುದು ನನ್ನ ಕೊರಗು. ಕಬ್ಬು ಕೊಟ್ಟ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಈಗ ಬಂದ ಕಾನೂನಲ್ಲ ಇದು.

ನನ್ನದೇ ಲೆಕ್ಕ ಹೇಳುತ್ತೇನೆ. ನನಗೂ ಒಂದೂವರೆ ಎಕರೆ ಕಬ್ಬು ಇದೆ. ಹೋದ ವರ್ಷ ಜನವರಿ 11ಕ್ಕೆ ಕಳಿಸಿದೆ, 60 ಟನ್ ಆಯಿತು. ಟನ್ನಿಗೆ 3,000 ಅಂತ ಹಿಡಿದರೂ 1,80,000. ಜನವರಿ 25ರೊಳಗೆ ಬರಬೇಕಾದ ದುಡ್ಡು ಬಂದಿದ್ದು ಏಪ್ರಿಲ್ 15ಕ್ಕೆ, ಅಂದರೆ 80 ದಿನ ತಡ. ವಹಿಯ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದೆ. ಬಡ್ಡಿಯೇ ಸುಮಾರು 5,900 ರೂಪಾಯಿ ಆಗುತ್ತದೆ. ಕಾರ್ಖಾನೆಯ ಆಫೀಸಿಗೆ ಹೋಗಿ ಕೇಳಿದೆ. ಅಲ್ಲಿದ್ದ ಹುಡುಗ ನಕ್ಕ. ‘ಬಡ್ಡೀನಾ? ನಿಮಗ ಅಸಲು ಬಂದೈತಲ್ರಿ ಕಾಕಾ!’ ಅಂದ. ಅವನ ಮೇಲೆ ಸಿಟ್ಟೇನಿಲ್ಲ, ಪಾಪ, ಅವನೂ ಸಂಬಳದವನು. ನಮ್ಮ ಬಡ್ಡಿಯನ್ನು ಹೀಗೆ ನಕ್ಕು ಬಿಡುವ ಹಾಗಿಲ್ಲ ಅಂತ ಅವನಿಗೆ ಯಾರಾದರೂ ಹೇಳಬೇಕಿತ್ತು.

ಆ 80 ದಿನ ನಾನೇನು ಮಾಡಿದೆ? ಜಮಖಂಡಿಯ ಹೋಲ್‌ಸೇಲ್ ಅಂಗಡಿಯವರು ನನಗೆ ಕೊಡುವುದು 15 ದಿನದ ವಾಯಿದೆ. ಅವರಿಗೆ ಕಾರ್ಖಾನೆ ಬಿಲ್ಲಿನ ಕಥೆ ಹೇಳಿದರೆ ನಡೆಯುವುದಿಲ್ಲ. ದಿನಾ 200 ರೂಪಾಯಿ ಪಿಗ್ಮಿ ಉಳಿತಾಯ ಕಟ್ಟುತ್ತೇನೆ, ಮೊದಲು ಅದರ ಮೇಲೆ ಸಾಲ ಎತ್ತಿದೆ. ಆಮೇಲೆ ಹೆಂಡತಿಯ ಬೋರಮಾಳ ಸರ ಒತ್ತೆ ಇಟ್ಟೆ. ತವರಿನವರು ಹಾಕಿದ್ದು ಅದು. ಯುಗಾದಿಗೆ ಬರಿಗೊರಳಲ್ಲಿ ಗುಡಿಗೆ ಹೋಗಬೇಕಾಯಿತು ಅಂತ ಈಗಲೂ ಅನ್ನುತ್ತಾಳೆ. ನಾನು ಸುಮ್ನೆ ಕೇಳಿಸಿಕೊಳ್ಳುತ್ತೇನೆ.

ಸ್ವಂತ ಕಬ್ಬು ಇದ್ದವರ ಪಾಡೇ ಹೀಗೆ. ಅವರ ಹೊಲಕ್ಕೆ ಹೋಗುವ ಕೂಲಿಯವರದು ಇನ್ನೂ ಕೆಳಗೆ. ರೈತನಿಗೆ ಬಿಲ್ಲು ಬಂದ ಮೇಲೆ ಅವರ ಬಾಕಿ ಪಗಾರ. ಆದರೆ ಕಿರುಸಾಲ ಸಂಘಕ್ಕೆ ಕಟ್ಟುವ ವಾರದ ಕಂತು ಬುಧವಾರ ಅಂದರೆ ಬುಧವಾರವೇ.

ಒಂದು ಬುಧವಾರದ ಸಂಗತಿ. ನಮ್ಮ ಓಣಿಯ ಒಬ್ಬ ಹೆಣ್ಣುಮಗಳು ಮುಂಜಾನೆಯೇ ಬಂದು 5 ಲೀಟರಿನ ಎಣ್ಣೆ ಕ್ಯಾನು ಉದ್ರಿ ಒಯ್ದಳು. 780 ರೂಪಾಯಿ ಬರೆದುಕೊಂಡೆ. ಮೂರೇ ಮಂದಿಯ ಮನೆ, ಇಷ್ಟು ಎಣ್ಣೆ ಯಾಕೆ ಅಂತ ಅನಿಸಿತು, ಕೇಳಲಿಲ್ಲ. ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರದ ಮಿರ್ಚಿ ಭಜಿ ಅಂಗಡಿಗೆ ಹೋದೆ. ಬಾಣಲೆಯ ಪಕ್ಕ ಅದೇ ಕ್ಯಾನು! ಸ್ಟಾಕ್ ಬಂದ ದಿನ ಮುಚ್ಚಳದ ಮೇಲೆ ಪೆನ್ನಿನಲ್ಲಿ ತಾರೀಕು ಹಾಕುವುದು ನನ್ನ ರೂಢಿ. ನನ್ನದೇ ಅಕ್ಷರ. ಭಜಿಯವನು 650 ಕೊಟ್ಟು ಕೊಂಡಿದ್ದನಂತೆ. ಅವಳ ಕಂತು 640. ಒಂದು ದಿನದ ಮಟ್ಟಿಗೆ ನಗದು ಸಿಗಲಿ ಅಂತ 130 ರೂಪಾಯಿ ಕಳೆದುಕೊಂಡಿದ್ದಳು. ನಾನು ಎರಡು ಭಜಿ ತಿಂದು ಎದ್ದು ಬಂದೆ. ಅವಳಿಗೆ ಇವತ್ತಿಗೂ ಆ ವಿಷಯ ಎತ್ತಿಲ್ಲ. ಮರುವಾರ ಮತ್ತೆ ಕ್ಯಾನು ಕೇಳಲು ಬಂದಾಗ ಎಣ್ಣೆ ಖಾಲಿ ಅಂತ ಸುಳ್ಳು ಹೇಳಿ, ಗಲ್ಲೆಯಿಂದ 600 ಕೈಗಡ ಕೊಟ್ಟೆ. ಅದು ಸರಿಯೋ ತಪ್ಪೋ ಗೊತ್ತಿಲ್ಲ, ಎಲ್ಲರಿಗೂ ಹಾಗೆ ಕೊಡುತ್ತಾ ಹೋದರೆ ನನ್ನ ಅಂಗಡಿ ಬಾಗಿಲು ಹಾಕಬೇಕು.

2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳಕ್ಕೆ ಸುಗ್ರೀವಾಜ್ಞೆ ತಂದಿತು. ತಪ್ಪು ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಅದಾದ ಮೇಲೆ ನಮ್ಮೂರಲ್ಲಿ ಮನೆ ಬಾಗಿಲಲ್ಲಿ ಕೂತು ಬೈಯುವುದು ನಿಂತಿದೆ, ಇದ್ದದ್ದು ಹೇಳಬೇಕು. ಕಿರುಸಾಲ ಪಡೆದ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಆದರೆ ನಾಲ್ಕು ತಿಂಗಳ ಪಗಾರ ಒಮ್ಮೆಲೇ ಏಪ್ರಿಲ್‌ನಲ್ಲಿ ಬರುವ ಮನೆಗೆ ‘ತಿಂಗಳ ಆದಾಯ’ ಎಷ್ಟು ಅಂತ ಬರೆಯುವುದು?

ಇನ್ನು ರೈತರಿಗೆ ಸಹಕಾರಿ ಸೊಸಾಯಿಟಿ ಕೊಡುವ ಬೆಳೆ ಸಾಲ. 5 ಲಕ್ಷದವರೆಗೆ ಬಡ್ಡಿ ಇಲ್ಲ, ನಿಜವಾಗಲೂ ದೊಡ್ಡ ಉಪಕಾರ. ಆದರೆ ವಾಯಿದೆ ತಪ್ಪಿದರೆ ಬಡ್ಡಿ ಬೀಳುತ್ತದೆ. ಬಿಲ್ಲು ಬಂದಿಲ್ಲ, ವಾಯಿದೆ ಬಂತು. ಆಗ ರೈತ ಖಾಸಗಿಯವರ ಹತ್ತಿರ ಎರಡು ದಿನಕ್ಕೆ ದುಡ್ಡು ತಂದು ಹಳೆ ಸಾಲ ಕಟ್ಟುತ್ತಾನೆ, ಹೊಸ ಸಾಲ ಎತ್ತಿ ಅವರಿಗೆ ವಾಪಸ್ ಕೊಡುತ್ತಾನೆ. ನಮ್ಮ ಕಡೆ ಲಕ್ಷಕ್ಕೆ ಸಾವಿರ, ಒಮ್ಮೊಮ್ಮೆ ಎರಡು ಸಾವಿರ ಆ ಎರಡು ದಿನಕ್ಕೆ. ಬಡ್ಡಿ ಇಲ್ಲದ ಸಾಲಕ್ಕೂ ಬಡ್ಡಿ ಕಟ್ಟಿದ ಹಾಗಾಯಿತು, ಅಲ್ವಾ? ಇದನ್ನೆಲ್ಲ ತಾಳಲಾರದವರು ಕಾರ್ಖಾನೆಯ ಸಹವಾಸವೇ ಬೇಡ ಅಂತ ಗಾಣಕ್ಕೆ ಹಾಕಿ, ಬೆಲ್ಲ ಮಾಡಿಸಿ ಮಹಾಲಿಂಗಪುರದ ಪೇಟೆಗೆ ಒಯ್ಯುತ್ತಾರೆ. ದರ ಕೆಲವು ಸಲ ಕಡಿಮೆ ಬೀಳುತ್ತದೆ. ಆದರೂ ದುಡ್ಡು ಬೇಗ ಕೈಗೆ ಬರುತ್ತದೆ ಅಂತ ಹೋಗುತ್ತಾರೆ. ಬಡವನಿಗೆ ಲೆಕ್ಕ ಬರುವುದಿಲ್ಲ ಅನ್ನುವವರು ಒಮ್ಮೆ ನನ್ನ ಅಂಗಡಿ ಕಟ್ಟೆ ಮೇಲೆ ಬಂದು ಕೂರಬೇಕು.

ನಾನು ಕೇಳುವುದು ದೊಡ್ಡದೇನಲ್ಲ. ಕಬ್ಬಿನ ತೂಕದ ಚೀಟಿ ಮೇಲೆಯೇ ‘ಈ ಕಬ್ಬಿನ ದುಡ್ಡು ಇಂಥ ದಿನದೊಳಗೆ’ ಅಂತ ತಾರೀಕು ಅಚ್ಚು ಹಾಕಿಸಲಿ. ಹಾಲಿನ ಪೊಟ್ಟಣದ ಮೇಲೆ ಹಾಕುತ್ತಾರೆ, ಇದಕ್ಕೇನು ಕಷ್ಟ? ಆ ಚೀಟಿ ತೋರಿಸಿದರೆ ಸೊಸಾಯಿಟಿಯವರು ವಾಯಿದೆಯನ್ನು ಅಷ್ಟು ದಿನ ಮುಂದೆ ಹಾಕಲಿ. ನಾನೂ ಆ ಚೀಟಿ ನೋಡಿ ಧೈರ್ಯವಾಗಿ ಉದ್ರಿ ಬರೆಯುತ್ತೇನೆ, ಹೋಲ್‌ಸೇಲ್‌ನವರಿಗೂ ಒಂದು ಮಾತು ಹೇಳಲು ಬರುತ್ತದೆ.

ನಿಮ್ಮನ್ನೂ ಒಂದು ಕೇಳುತ್ತೇನೆ. ಬಂಗಾರದ ದರ ನಿಮ್ಮ ಪತ್ರಿಕೆಯಲ್ಲಿ ದಿನಾ ಬರುತ್ತದೆ. ಹಂಗಾಮು ಮುಗಿಯುವವರೆಗೆ ವಾರಕ್ಕೊಮ್ಮೆ, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಯಾವ ಕಾರ್ಖಾನೆ ಯಾವ ತಾರೀಕಿನವರೆಗಿನ ಬಿಲ್ಲು ಕೊಟ್ಟಿದೆ ಅಂತ ಅದರ ಪಕ್ಕ ಹಾಕಿ. ಎರಡು ಇಂಚು ಜಾಗ ಸಾಕು. ನಮ್ಮೂರಲ್ಲಿ ಪೇಪರು ಬರುವುದೇ ನನ್ನ ಅಂಗಡಿಗೆ, ಓದುವವರು ಮೂವತ್ತು ಮಂದಿ.

ದಯವಿಟ್ಟು ನನ್ನ ಹೆಸರು, ಊರು ಹಾಕಬೇಡಿ. ಎಣ್ಣೆ ಕ್ಯಾನಿನ ಸಂಗತಿ ಓದಿದರೆ ಆ ಹೆಣ್ಣುಮಗಳಿಗೆ ತನ್ನದೇ ಅಂತ ಗೊತ್ತಾಗುತ್ತದೆ. ಓಣಿಯವರಿಗೆ ಗೊತ್ತಾಗುವುದು ಬೇಡ.

– ಒಬ್ಬ ಕಿರಾಣಿ ಅಂಗಡಿಯವ, ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ