ಎಲ್‌ಕೆಜಿ ಮಿಸ್‌ಗೆ ತರಬೇತಿ ಬೇಡವೇ?

ಸಂಪಾದಕರೇ,

ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವವರಿಗೂ ತರಬೇತಿ ಮತ್ತು ಪರವಾನಗಿ ಕಡ್ಡಾಯವಾಗಬೇಕು. ನಮ್ಮ ರಾಜ್ಯದಲ್ಲಿ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಶುರುವಾಗುವುದೇ ಒಂದನೇ ತರಗತಿಯಿಂದ, ಮುಗಿಯುವುದು ಎಂಟಕ್ಕೆ. ಅದಕ್ಕಿಂತ ಚಿಕ್ಕವರಿಗೆ ಯಾರು ಕಲಿಸಿದರೂ ನಡೆಯುತ್ತದೆ ಎಂಬಂತಾಗಿದೆ.

ನಮ್ಮ ಬೀದಿಯ ಪ್ಲೇಹೋಮ್‌ನಲ್ಲಿ ಮೊಮ್ಮಗಳಿಗೆ ಅಕ್ಷರ ತಿದ್ದಿಸುವ ಮಿಸ್ ಪಿಯುಸಿ ಮುಗಿಸಿ ನೇರವಾಗಿ ಕೆಲಸಕ್ಕೆ ಸೇರಿದವರು. ಪ್ರೀತಿಗೇನೂ ಕೊರತೆಯಿಲ್ಲ, ಪಾಪ. ಆದರೆ ಬೆರಳು ಇನ್ನೂ ಬಲಿಯದ ಮಗುವಿಗೆ ದಿನಾ ಎರಡು ಪುಟ ಹೋಮ್‌ವರ್ಕ್ ಕೊಡಬಾರದು ಎಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ತಪ್ಪು ಅವರದಲ್ಲ, ಅಲ್ವಾ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪಿಯುಸಿ ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ 6 ತಿಂಗಳ ಸರ್ಟಿಫಿಕೇಟ್ ಕೋರ್ಸ್, ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ ಎಂದು ಹೇಳಿದೆ. ಖಾಸಗಿ ಪ್ಲೇಹೋಮ್‌ಗಳಿಗೂ ಇದನ್ನೇ ಅನ್ವಯಿಸಲಿ. ಈಗ ಇರುವವರನ್ನು ಕೆಲಸದಿಂದ ತೆಗೆಯುವುದು ಬೇಡ. ಮೂರು ವರ್ಷ ಸಮಯ ಕೊಟ್ಟು, ಬೇಸಿಗೆ ರಜೆಯಲ್ಲಿ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲೇ ತರಗತಿ ನಡೆಸಿ, ಪಾಸಾದವರಿಗೆ ಪರವಾನಗಿ ಕೊಡಬಹುದು. ಶುಲ್ಕವನ್ನು ಮಾತ್ರ ಶಾಲೆಯವರೇ ಕಟ್ಟಲಿ. ಆ ಮಿಸ್‌ಗಳ ಸಂಬಳ ಎಷ್ಟೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

– ಒಬ್ಬ ಅಜ್ಜಿ, ಮೈಸೂರು